ಬಾಯಿಮಾತಿನ ದೋಣಿ

ಇದೂ ಅಲ್ಲ, ಇದು ತಾಳಿಕೋಟೆಯ ಗಾಡಿ, ಬೋರ್ಡಿನ ಮೇಲೆ ಕೂತ ಧೂಳಿನಲ್ಲಿ ಅಕ್ಷರ ಕಾಣದಿದ್ದರೂ ಜನ ಹತ್ತುವ ರೀತಿ ನೋಡಿದರೆ ಗೊತ್ತಾಗುತ್ತದೆ, ಆ ಬಸ್ಸಿಗೆ ಮಾತ್ರ ಹೀಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರೆ, ಬೆಳಿಗ್ಗೆ ಇವರೂ ಕರವಸ್ತ್ರ ಎಸೆದು ಹತ್ತಿ ಹೋದರಲ್ಲ, ನನ್ನ ಗಂಡ, ಮುದ್ದೇಬಿಹಾಳದ ಕಾಲೇಜಿನ ಭೂಗೋಳದ ಸಿದ್ದಲಿಂಗ ಸರ್, ಮೆಟ್ಟಿಲ ಮೇಲೆ ನಿಂತು ಹಿಂತಿರುಗಿ, ಏನ್ ಹೇಳಬೇಕು ನೆನಪೈತಿಲ್ಲ ಜಯಮಾಲಾ, ಅಂದರು, ನೆನಪಿಲ್ಲದೆ ಏನು, ವಾರದಿಂದ ಮಗ್ಗಿ ಉರು ಹೊಡೆಸಿದ ಹಾಗೆ ಹೊಡೆಸಿದ್ದಾರೆ — ಸರ್ ಪರೀಕ್ಷೆಯ ಕೆಲಸದ ಮೇಲೆ ಸಿಂದಗಿಗೆ ಹೋಗಿದ್ದಾರೆ, ದೋಣಿಗೆ ಡಾಂಬರು ಬಳಿಯಲು ದಡಕ್ಕೆ ಎಳೆದಿದ್ದಾರೆ, ಸರ್‌ಗೆ ಬಹಳ ಬೇಜಾರಾಗಿದೆ, ಮುಂದಿನ ಸಲ ತಪ್ಪದೆ ಬರಬೇಕಂತೆ — ಸಿಂದಗಿ ಒಂದು ಸುಳ್ಳು, ಡಾಂಬರು ಇನ್ನೊಂದು, ದೋಣಿಯಂತೂ ಶುದ್ಧ ಸುಳ್ಳು, ಇವರು ಹೋಗಿರುವುದು ತಾಳಿಕೋಟೆಗೆ, ಜೊತೆಯಲ್ಲಿ ಕೆಲಸ ಮಾಡುವ ಅನಿಲ ಅವರ ಮನೆಗೆ, ಈಗ ಅಲ್ಲಿ ಮಂಚದ ಮೇಲೆ ಕಾಲು ಚಾಚಿ ಪೇಪರ್ ಓದುತ್ತಿರುತ್ತಾರೆ, ರತ್ನಾಗಿರಿಯಿಂದ ಬರುವ ಬಾಯಾರನ್ನು, ಆ ರಂಜನಾಬಾಯಿಯವರನ್ನು, ಎದುರುಗೊಂಡು, ಚಹಾ ಕುಡಿಸಿ, ಊಟ ಹಾಕಿ, ನಗುನಗುತ್ತಾ ಸುಳ್ಳು ಹೇಳಿ ಸಂಜೆಯ ಬಸ್ಸಿಗೆ ಹತ್ತಿಸಿ ಕಳಿಸುವುದು ನನ್ನ ಪಾಲಿಗೆ. ಮೊದಲು ಇಂಡಿ ಊರಿನ ನಮ್ಮ ಕಾಕಾ ತೀರಿಕೊಂಡರು ಅಂತ ಹೇಳು ಅಂದಿದ್ದರು, ನನ್ನ ಕಾಕಾ ಗಟ್ಟಿಮುಟ್ಟಾಗಿ ಲಿಂಬಿ ತೋಟಕ್ಕೆ ನೀರು ಬಿಡಾಕತ್ತಾನ, ಬೇಕಾದ್ರ ನಿಮ್ಮ ಕಡೆಯವರನ್ನ ಯಾರನ್ನಾದ್ರೂ ಸಾಯಿಸ್ರಿ, ಅಂದೆ, ಆಮೇಲೆ ಸಿಂದಗಿಗೆ ಒಪ್ಪಿದರು. ಈ ಆಷಾಢದ ಗಾಳಿ ಸೆರಗನ್ನು ಒಂದು ಕಡೆ ನಿಲ್ಲಗೊಡುವುದಿಲ್ಲ.

ಎರಡು ವರ್ಷವಾಯಿತೇನೋ, ಕಾಲೇಜಿನವರಿಗೆಲ್ಲ ಕಂಪ್ಯೂಟರ್ ಕಲಿಸಿದರು, ಉಳಿದವರು ಕಲಿತು ಮರೆತರು, ಇವರು ಮಾತ್ರ ಇದೇ ಬಸ್ ನಿಲ್ದಾಣದ ಹಿಂದಿನ ಅಮೀನುದ್ದೀನನ ಸೈಬರ್ ಕೆಫೆಗೆ ದಿನಾ ಸಂಜೆ ಹೋಗತೊಡಗಿದರು, ಏನು ನೋಡುತ್ತೀರಿ ಅಂದರೆ ಗಾಳಿ ನೋಡುತ್ತೇನೆ ಅನ್ನುವರು, ಭೂಗೋಳದವರು, ಗಾಳಿ, ಪ್ರವಾಹ, ಬಂದರು ಅಂತ ಹುಡುಕುತ್ತಾ ಹೋದವರಿಗೆ ಹಾಯಿದೋಣಿಯವರ ಒಂದು ಕೂಟ ಸಿಕ್ಕಿತು, ಎಲ್ಲ ಇಂಗ್ಲಿಷಿನಲ್ಲೇ, ಗೋವೆಯವರು, ಕೇರಳದವರು, ಹೊರದೇಶದವರು, ಒಬ್ಬರು ಹಾಯಿ ಹರಿದಿದೆ ಏನು ಮಾಡಲಿ ಅಂತ ಬರೆದರೆ ಸಾಕು, ಹತ್ತು ಮಂದಿ ಉತ್ತರ ಬರೆಯುತ್ತಾರಂತೆ, ಮುಖ ನೋಡಿದವರಲ್ಲ, ನೆಂಟರಲ್ಲ, ಆದರೂ. ಅಲ್ಲಿಯ ಪದ್ಧತಿ ಏನೆಂದರೆ, ಏನೇ ಬರೆಯಲಿ, ಕೊನೆಗೆ ನಿಮ್ಮ ಹೆಸರು, ಹೆಸರಿನ ಕೆಳಗೆ ನಿಮ್ಮ ದೋಣಿಯ ಹೆಸರು, ಅದರ ಉದ್ದ, ಅದು ಓಡುವ ನೀರು, ಇಷ್ಟು ಇರಬೇಕು, ಬರೀ ಹೆಸರು ಬರೆದು ಕೆಳಗೆ ಖಾಲಿ ಬಿಟ್ಟರೆ ಮದುವೆ ಮನೆಗೆ ಕರೆಯದೆ ಬಂದವರ ಹಾಗೆ ಕಾಣುತ್ತದೆ ಅಂತ ಇವರಿಗೆ ಅನ್ನಿಸಿತು, ತುಂಬಿದರು, ದೋಣಿ ಜಯಮಾಲಾ, ಹದಿನಾಲ್ಕು ಅಡಿ, ಕೃಷ್ಣೆಯ ಹಿನ್ನೀರು. ಅವತ್ತು ಮನೆಗೆ ಬಂದು ಊಟಕ್ಕೆ ಕೂತವರು ತಲೆ ಎತ್ತದೆ ಹೇಳಿದರು, ನಿನ್ನ ಹೆಸರು ಇಟ್ಟೇನಿ. ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ, ಖುಷಿಯಾಯಿತು, ಆದ ಖುಷಿಯನ್ನು ಯಾಕೆ ಇಲ್ಲ ಅನ್ನಲಿ, ಮದುವೆಯಾಗಿ ಇಷ್ಟು ವರ್ಷದಲ್ಲಿ ಹೆಸರು ಹಿಡಿದು ಕರೆದದ್ದೇ ಅಪರೂಪ, ಅಂಥವರು ನನ್ನ ಹೆಸರನ್ನು ನೀರಿಗೆ ಇಳಿಸಿದ್ದಾರೆ, ಇಲ್ಲದ ದೋಣಿಯಾದರೂ ನನ್ನದೇ ಹೆಸರಲ್ಲವೇ, ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.

ಮುಂದೆ ಇವರು ಎಷ್ಟು ಬರೆದರೆಂದರೆ ಕೂಟವೇ ಇವರಿಗೆ ಕ್ಯಾಪ್ಟನ್ ಅಂತ ಪದವಿ ಕೊಟ್ಟಿತು, ಸಮುದ್ರ ನೋಡಿದ್ದಕ್ಕಲ್ಲ, ಬಹಳ ಪತ್ರ ಬರೆದವರಿಗೆಲ್ಲ ಯಂತ್ರವೇ ಕೊಡುತ್ತದಂತೆ, ಕ್ಯಾಪ್ಟನ್ ಸಿದ್ದಲಿಂಗ. ಈ ಕ್ಯಾಪ್ಟನ್ನರು ಹುಡುಗರ ಟ್ರಿಪ್ಪಿನಲ್ಲಿ ಆಲಮಟ್ಟಿಗೆ ಹೋದಾಗ, ತೋಟದ ಕೊಳದಲ್ಲಿ ಕಾಲಿನಿಂದ ತುಳಿಯುವ ಬಾತುಕೋಳಿ ದೋಣಿ ಇದೆಯಲ್ಲ, ಮೊಣಕಾಲುದ್ದ ನೀರು, ಅದಕ್ಕೂ ಹತ್ತಲಿಲ್ಲ, ಹುಡುಗರ ಚಪ್ಪಲಿ ಕಾಯುತ್ತಾ ದಡದಲ್ಲಿ ಕೂತಿದ್ದರು, ಅನಿಲ ಅವರೇ ಹೇಳಿ ನಕ್ಕಿದ್ದು. ಕೆಟ್ಟವರೇನಲ್ಲ, ಕ್ಲಾಸಿನಲ್ಲಿ ಮಾನ್ಸೂನ್ ಬಗ್ಗೆ ಹೇಳುವಾಗ ಹಿಂದಿನ ಬೆಂಚಿನವರು ನಿದ್ದೆ ಹೊಡೆಯುತ್ತಾರೆ, ಮನೆಯಲ್ಲಿ ನಾನು ಹೂಂ ಹೂಂ ಅನ್ನುತ್ತಾ ಹೆಸರುಕಾಳು ಆರಿಸುತ್ತೇನೆ, ಅಲ್ಲಿ ಮಾತ್ರ ಒಂದು ಮಾತು ಬರೆದರೆ ಭೇಷ್ ಕ್ಯಾಪ್ಟನ್ ಅನ್ನುತ್ತಾರೆ, ಯಾರಿಗೆ ಬೇಡ. ಮತ್ತೆ ಆ ಕೂಟದ ಮರ್ಯಾದೆ, ಅಬ್ಬಾ, ನಮ್ಮ ಬೀಗರ ನಡುವೆಯೂ ಇರಲಿಕ್ಕಿಲ್ಲ, ಹೊಸಬರನ್ನು ನಗೆಯಾಡಬಾರದು, ಕೇಳಿದವರಿಗೆ ಉತ್ತರ ಕೊಡದೆ ಇರಬಾರದು, ಹಿರಿಯರು ಹೇಳಿದ್ದನ್ನು ಎಲ್ಲರ ಮುಂದೆ ತಪ್ಪು ಅನ್ನಬಾರದು, ಒಮ್ಮೆ ಹಗ್ಗ ಹಿಡಿಯುವ ಬಗ್ಗೆ ಇವರು ಏನೋ ಬರೆದಾಗ ಗೋವೆಯ ಒಬ್ಬ, ತಪ್ಪು ತಿಳಿಯಬೇಡಿ, ನಮ್ಮ ಕಡೆ ಯಾರೂ ಹೀಗೆ ಹಿಡಿಯುವುದಿಲ್ಲ, ಅಪಾಯ, ಅಂತ ಬರೆದನಂತೆ, ಎಲ್ಲರೂ ಅವನ ಮೇಲೆ ಬಿದ್ದರು, ಕ್ಯಾಪ್ಟನ್ನರಿಗೆ ಹಾಗೆನ್ನುವುದೇ, ಇದೇನು ನಡತೆ, ಇವರು ಬಹಳ ದೊಡ್ಡ ಮನಸ್ಸು ಮಾಡಿ, ನಮ್ಮ ಬಯಲು ಸೀಮೆಯ ಗಾಳಿ ಬೇರೆ, ನಿಮ್ಮ ಗಾಳಿ ಬೇರೆ, ಅಂತ ಬರೆದರು, ಆ ಮನುಷ್ಯ ಕ್ಷಮೆ ಕೇಳಿದ. ಅದನ್ನು ಹೇಳಿಕೊಂಡು ಇವರು ಎಷ್ಟು ನಕ್ಕರು, ನಾನೂ ನಕ್ಕೆ.

ಈ ಬಾಯಾರು ಬರುವಂತಾದದ್ದು ಮಾತ್ರ ಯಾರ ತಪ್ಪೂ ಅಲ್ಲ, ಹೌದೋ ಅಲ್ಲವೋ, ಆ ರಂಜನಾಬಾಯಿ ರತ್ನಾಗಿರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು, ಗಂಡ ತೀರಿಕೊಂಡ ಮೇಲೆ ಅವರ ಸಣ್ಣ ದೋಣಿಯನ್ನು ಮಾರದೆ, ಐವತ್ತು ದಾಟಿದ ಮೇಲೆ ತಾವೇ ನಡೆಸಲು ಕಲಿತವರು, ಕೂಟದಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುವವರು, ಇವರ ಉತ್ತರವನ್ನೇ ಕಾಯುವವರು. ಬಿಜಾಪುರದ ತಂಗಿಯ ಮನೆಗೆ ಬರುತ್ತಿದ್ದೇನೆ ಅಂತ ಬರೆದರು. ಇವರು ಏನು ಬರೆಯಬೇಕು, ಬಿಜಾಪುರಕ್ಕೆ ಬಂದು ನಮ್ಮ ಮನೆಗೆ ಬರದೆ ಹೋಗ್ತೀರೇನು, ಬರಬೇಕು, ಜಯಮಾಲಾದಲ್ಲಿ ಕೂಡಿಸಿಕೊಂಡು ಹಿನ್ನೀರು ತೋರಿಸುತ್ತೇನೆ, ಅಂತ ಬರೆದರು, ಬರೆಯದೆ ಇರಲು ಬರುತ್ತದೆಯೇ, ನಾವು ಓಣಿಯಲ್ಲಿ ಹೋಗುವವರನ್ನು ಬಾಗಿಲಲ್ಲಿ ನಿಂತು, ಬರ್ರಿ, ಊಟ ಮಾಡಿ ಹೋಗ್ರಿ, ಅನ್ನುವುದಿಲ್ಲವೇ, ಒಳಗೆ ಒಲೆ ಆರಿರುತ್ತದೆ, ಬುಟ್ಟಿಯಲ್ಲಿ ಒಂದೇ ರೊಟ್ಟಿ ಇರುತ್ತದೆ, ಅವರಿಗೂ ಗೊತ್ತು, ಆತು ತಗೋರಿ, ಇನ್ನೊಮ್ಮೆ ಬರ್ತೇವಿ, ಅಂದು ಹೋಗುತ್ತಾರೆ, ಕರೆದವರ ಮಾನ ಉಳಿಯಿತು, ಹೋದವರ ಮಾನವೂ ಉಳಿಯಿತು, ಬಾಯಿಮಾತಿನ ಕರೆ ಅಂದರೆ ಇದೇ, ಹುಟ್ಟಿದಾಗಿನಿಂದ ನೋಡಿದ್ದೇವೆ, ಅದಕ್ಕೆ ಯಾರೂ ಸುಳ್ಳು ಅನ್ನುವುದಿಲ್ಲ. ಆದರೆ ಬಾಯಾರು ಇನ್ನೊಮ್ಮೆ ಬರ್ತೇನಿ ಅನ್ನಲಿಲ್ಲ, ಸೋಮವಾರ ಬರುತ್ತೇನೆ ಅಂದರು, ಇವರು ಕೆಫೆಯಿಂದ ಬಂದು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆ ಮನೆಗೆ ಬಂದರು, ಮುಖ ಬಿಳಿಚಿತ್ತು, ಆಕಿ ಖರೇನ ಬರಾಕತ್ತಾಳ, ಅಂದರು. ನಾನು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕೆ, ಆಮೇಲೆ ದೋಣಿ ಇಲ್ಲ ಅಂತ ಬರೆದುಬಿಡಿ ಅಂದೆ, ನಗೋದಿದ್ರ ಅವರು ನಕ್ಕುಬಿಡಲಿ, ಒಂದು ದಿನದ ಮಾತು. ಕೂಟದಾಗ ಹೆಂಗ್ ಮುಖ ತೋರಸ್ಲಿ, ಅಂದರು, ಆ ಕೂಟದಲ್ಲಿ ಇವರ ಮುಖ ನೋಡಿದವರು ಒಬ್ಬರೂ ಇಲ್ಲ.

ಬಂತು, ಬಸವನ ಬಾಗೇವಾಡಿಯ ಮೇಲೆ ಬರುವ ಬಿಜಾಪುರದ ಬಸ್ಸು, ಜನ ಇಳಿಯುತ್ತಿದ್ದಾರೆ, ಚೀಲ, ಕೋಳಿ, ಟೊಪ್ಪಿಗೆ, ಇವರಲ್ಲ, ಇವರೂ ಅಲ್ಲ, ಅಗೋ, ಇವರೇ ಇರಬೇಕು, ಎತ್ತರದ ಹೆಂಗಸು, ಬೆಳ್ಳಗಾದ ಗಿಡ್ಡ ಕೂದಲು, ಕಾಟನ್ ಸೀರೆಯ ಕೆಳಗೆ ಕ್ಯಾನ್ವಾಸಿನ ಬೂಟು, ಹೆಗಲಿಗೆ ದಪ್ಪನೆಯ ಚೀಲ, ಬಲಗೈಯಲ್ಲಿ ಬಾಗಿಲ ಸರಳು ಹಿಡಿದು ಇಳಿಯುತ್ತಿದ್ದಾರೆ, ಮೂರು ಬೆರಳು ಸರಳಿನ ಮೇಲೆ, ಉಂಗುರದ ಬೆರಳು ಮತ್ತು ಕಿರುಬೆರಳು ಮಾತ್ರ ನೆಟ್ಟಗೆ ಹೊರಗೆ, ಎಲಾ ಇವರ ಠೀವಿಯೇ, ದೊಡ್ಡವರ ಮನೆಯ ಹೆಂಗಸರು ಚಹಾದ ಕಪ್ಪು ಹಿಡಿಯುವ ಹಾಗೆ ಬಸ್ಸಿನ ಸರಳು ಹಿಡಿಯುತ್ತಾರೆ ಅಂದುಕೊಂಡೆ. ನನ್ನನ್ನು ನೋಡಿದ್ದೇ ಅವರ ಮುಖ ಅರಳಿತು, ನೀವಽ ಜಯಮಾಲಾ, ಹೌದಲ್ಲ, ದೋಣೀ ಹೆಸರಿನವರು, ಅಂದರು, ಬಿಜಾಪುರದ ತವರಿನ ಮಾತು ಇನ್ನೂ ಹಾಗೇ ಇದೆ, ನಡುನಡುವೆ ಒಂದೊಂದು ಮರಾಠಿ. ಕ್ಯಾಪ್ಟನ್ ಎಲ್ಲಿ ಅಂದರು. ನಾನು ಹೇಳಿದೆ, ಸಿಂದಗಿ, ಪರೀಕ್ಷೆ, ಡಾಂಬರು, ಬೇಜಾರು, ಎಲ್ಲವೂ ಅಂದುಕೊಂಡದ್ದಕ್ಕಿಂತ ಸಲೀಸಾಗಿ ಬಾಯಿಂದ ಜಾರಿತು, ನನ್ನ ಬಾಯಿಗೆ ಇಷ್ಟು ಅಭ್ಯಾಸ ಯಾವಾಗ ಆಯಿತು. ಅವರ ಮುಖ ಸಣ್ಣದಾಯಿತು, ಮತ್ತೆ ಸರಿಯಾಯಿತು, ಇರ್ಲಿ, ದಡದ ಮ್ಯಾಲ ಇದ್ರ ಇನ್ನೂ ಛಲೋ ಆತು, ದೋಣೀ ಹೊಟ್ಟಿ ನೋಡಲಿಕ್ಕೆ ಸಿಗ್ತದ, ಮಧ್ಯಾಹ್ನ ಹೋಗಿಬರೋಣ, ಅಂದರು, ಅಯ್ಯೋ, ಇದನ್ನು ನನ್ನ ಗಂಡ ಉರು ಹೊಡೆಸಿರಲಿಲ್ಲ, ಕೀಲಿ ಅವರ ಕಡೆ ಐತ್ರಿ ಅಂದುಬಿಟ್ಟೆ, ದೋಣಿಗೆ ಕೀಲಿ ಏನ್ರಿ, ಅಂದರು, ನಾಲಗೆ ಕಚ್ಚಿಕೊಂಡು, ದೋಣಿಗೆ ಅಲ್ರಿ, ದೋಣಿ ಇಟ್ಟ ಶೆಡ್ಡಿಗೆ, ಅಂದೆ, ನೋಡುನೋಡುತ್ತಾ ಇಲ್ಲದ ದೋಣಿಗೆ ಒಂದು ಶೆಡ್ಡನ್ನೂ ಕಟ್ಟಿಕೊಟ್ಟೆ. ಅವರು ಇನ್ನೇನಾದರೂ ಕೇಳುವ ಮೊದಲೇ ಆಟೋ ಕರೆದೆ.

ಮನೆಯಲ್ಲಿ ಎಲ್ಲ ಮುಗಿಸಿಯೇ ಹೋಗಿದ್ದೆ, ರೊಟ್ಟಿ, ಎಣಗಾಯಿ, ಹೆಸರಿನ ಪಲ್ಲೆ, ಮೊಸರು, ಶೇಂಗಾ ಹಿಂಡಿ, ಬಾಯಿಮಾತಿಗೆ ಕರೆದದ್ದಾದರೂ ಬಂದವರಿಗೆ ಊಟದಲ್ಲಿ ಕಡಿಮೆಯಾಗಬಾರದು, ಇನ್ನೇನು ತಾಟು ಹಚ್ಚಬೇಕು, ಗೋಡೆಯ ಆಚೆಯಿಂದ ಪಕ್ಕದ ಮನೆಯ ಶಮಶಾದಬಿ, ಅಕ್ಕಾರ, ಸರ್ ಮುಂಜಾನೆ ತಾಳಿಕೋಟಿ ಬಸ್ಸಿನ್ಯಾಗ ಹೊಂಟಿದ್ರಲ್ಲ, ಸಂಜಿಗೆ ಬರ್ತಾರೇನ್ರಿ, ಸಹಿ ಬೇಕಾಗಿತ್ತು, ಅಂತ ಕೂಗಬೇಕೇ, ಬಾಯಾರು ತಲೆ ಎತ್ತಿ ನನ್ನನ್ನು ನೋಡಿದರು, ತಾಳಿಕೋಟಿ ಮ್ಯಾಲೆ ಸಿಂದಗಿಗೆ ಹೋಗ್ತಾರ್ರೀ, ಅಂದೆ, ಅದು ನಿಜ, ಆ ದಾರಿ ಹಾಗೆಯೇ ಹೋಗುತ್ತದೆ, ಇವತ್ತು ನನ್ನ ಬಾಯಿಂದ ಬಂದ ಮೊದಲ ನಿಜ ಅದು, ಅದೂ ಸುಳ್ಳಿನ ಕೆಲಸಕ್ಕೆ ಹೋಯಿತು. ಬಾಯಾರು ಊಟಕ್ಕೆ ಕೂತರು. ಕಟಿ ರೊಟ್ಟಿ, ಗರಿಗರಿ, ಮುರಿಯುವಾಗ ಅವರ ಕೈಯಿಂದ ಜಾರಿತು, ಮತ್ತೆ ಹಿಡಿದರು, ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರರಿಂದ ಒತ್ತಿದರು, ಎರಡು ಬೆರಳು ಅಲ್ಲೇ ನೆಟ್ಟಗೆ ನಿಂತಿದ್ದವು, ತುಂಡಾದ ರೊಟ್ಟಿ ನೆಲಕ್ಕೆ ಹಾರಿತು. ಠೀವಿಯಲ್ಲ. ಆ ಬೆರಳುಗಳು ಬಾಗುವುದಿಲ್ಲ. ಬಾಯಾರ ಕೈಗೆ ಏನೋ ಪೆಟ್ಟಾಗೇತಂತ, ಅಂತ ಇವರು ಬೇಸಿಗೆಯಲ್ಲಿ ಯಾವಾಗಲೋ ಹೇಳಿದ್ದರು, ಬೇಗ ಹುಷಾರಾಗಿ ಅಂತ ಹೂವಿನ ಚಿತ್ರ ಕಳಿಸಿದ್ದೇನೆ ಅಂದಿದ್ದರು, ನಾನು ಮರೆತೇಬಿಟ್ಟಿದ್ದೆ. ಅವರ ರೊಟ್ಟಿಯನ್ನು ಸಣ್ಣಗೆ ಮುರಿದು ತಾಟಿನ ಬದಿಗೆ ಇಟ್ಟೆ, ಅವರು ಪಲ್ಲೆಯಲ್ಲಿ ಅದ್ದಿ ತಿಂದರು.

ಊಟವಾದ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿ ಅಡಿಕೆ ಎಲೆ ಇಟ್ಟೆ, ಅವರು ಎಲೆ ಮುಟ್ಟಲಿಲ್ಲ, ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳತೊಡಗಿದರು. ಗಾಳಿ ಜೋರಾದಾಗ ಹಾಯಿಯ ಹಗ್ಗ ಅವರ ಕೈಯಲ್ಲಿ ನಿಲ್ಲುತ್ತಿರಲಿಲ್ಲವಂತೆ, ಜಾರಿ ಅಂಗೈ ಸುಡುತ್ತಿತ್ತು, ಏನು ಮಾಡಲಿ ಅಂತ ಕೂಟದಲ್ಲಿ ಕೇಳಿದರು, ಕ್ಯಾಪ್ಟನ್ ಉತ್ತರ ಬರೆದರು, ಅಂಗೈಗೆ ಎರಡು ಸುತ್ತು ಹಾಕಿ, ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿ, ನಾನು ಹತ್ತಾರು ವರ್ಷದಿಂದ ಹೀಗೆಯೇ ಹಿಡಿಯುತ್ತೇನೆ. ಮಳೆಗಾಲಕ್ಕೆ ಮುಂಚೆ ಒಂದು ದಿನ ಒಬ್ಬರೇ ಹೋಗಿದ್ದರು, ಎಲ್ಲಿಂದಲೋ ಒಮ್ಮೆಲೇ ಗಾಳಿ ಬಂತು, ದೋಣಿ ಒಂದು ಬದಿಗೆ ವಾಲಿತು, ಹಗ್ಗ ಬಿಟ್ಟಿದ್ದರೆ ಹಾಯಿ ಸಡಿಲಾಗಿ ದೋಣಿ ನೆಟ್ಟಗಾಗುತ್ತಿತ್ತು, ಬಿಡಲಿಕ್ಕೆ ಬರಲಿಲ್ಲ ನೋಡ್ರಿ, ಕೈ ಸುತ್ತ ಬಿಗದಿತ್ತು, ಅಂದರು, ಹಗ್ಗ ಕೈಯನ್ನು ತಾನು ಓಡುವ ರಾಟೆಯೊಳಕ್ಕೆ ಎಳೆಯಿತು, ದೋಣಿ ಮಗುಚಿತು, ಮೀನಿನವರು ಬಂದು ಚಾಕುವಿನಿಂದ ಹಗ್ಗ ಕೊಯ್ದು ಮೇಲೆತ್ತಿದರು. ಹಿಂಗ ಸುತ್ತಿಕೋ ಅಂತ ಯಾರು ಹೇಳಿದ್ರು ನಿಮಗ, ಅಂತ ಮೀನಿನವರೂ ಕೇಳಿದರಂತೆ, ಡಾಕ್ಟರೂ ಕೇಳಿದರಂತೆ. ನಾ ಹೆಸರು ಹೇಳಲಿಲ್ಲ, ಅಂದರು, ಹಿರಿಯರ ಮಾತು, ಹೆಸರು ಹೇಳಿದ್ರ ಅವರ ಮರ್ಯಾದಿ ಹೋಗ್ತದ, ಕೂಟದಾಗೂ ಬರೀ ಪೆಟ್ಟಾಗೇದ ಅಂತಷ್ಟೇ ಬರದೆ. ತಪ್ಪು ನಂದಽ ಇರಬೇಕು, ನಾ ಸುತ್ತಿದ್ರಾಗ ಏನೋ ಹೆಚ್ಚು ಕಡಿಮಿ ಆಗೇದ, ಅವರು ಇಷ್ಟು ವರ್ಷ ಹಂಗಽ ಹಿಡದು ಆರಾಮ ಇದ್ದಾರಲ್ಲ. ಆಮೇಲೆ ತಮ್ಮ ಕೈಯನ್ನು ಮಡಿಲಲ್ಲಿ ಮಲಗಿಸಿಕೊಂಡು, ಅವರ ಕೈ ನೋಡಬೇಕಂತ ಬಂದೆ, ಅಂದರು. ಹಗ್ಗ ಎಲ್ಲಿ ಕೂಡ್ತದ, ಎಲ್ಲಿ ಗುಣಿ ಬಿದ್ದದ, ಕೈ ನೋಡಿದ್ರ ತಿಳೀತದ, ಮಳಿ ಮುಗದ ಕೂಡ್ಲೆ ನಾ ಮತ್ತ ಹೋಗಾಕಿ, ಈ ಸಲ ಸರಿಯಾಗಿ ಸುತ್ತೋದು ಕಲ್ತು ಹೋಗ್ತೀನಿ.

ಅವರ ಕೈ. ಇವರ ಕೈಯಲ್ಲಿ ಏನಿದೆ, ಸೀಮೆಸುಣ್ಣದ ಪುಡಿ ಇದೆ, ಕೆಂಪು ಶಾಯಿ ಇದೆ, ರೊಟ್ಟಿಗಿಂತ ಮೆತ್ತಗಿದೆ, ಬಾವಿಯಿಂದ ಒಂದು ಕೊಡ ಸೇದಿದ ಕೈಯಲ್ಲ ಅದು, ಮತ್ತೆ ಎರಡು ಸುತ್ತು, ಹೆಬ್ಬೆರಳು ಒಳಗೆ — ಅದು ನನ್ನ ಅಪ್ಪನ ಹಿಡಿತ. ಒಂದು ಸಂಜೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ, ಇವರು ಬಾಗಿಲಲ್ಲಿ ನಿಂತು, ನಿಮ್ಮಪ್ಪ ಹೋರಿ ಓಡುವಾಗ ಹಗ್ಗ ಹೆಂಗ ಹಿಡೀತಿದ್ರು, ಕೈ ಜಾರ್ತಿರಲಿಲ್ಲೇನು, ಅಂತ ಕೇಳಿದರು, ಯಾಕೆ ಅಂತ ನಾನು ಕೇಳಲಿಲ್ಲ, ಅಪ್ಪನ ಮಾತು ಬಂದರೆ ನನಗೆ ಹಿಗ್ಗು, ಇಂಡಿಯ ಕಡೆ ಹಳ್ಳಿಗಳಲ್ಲಿ ರೇವಪ್ಪ ಹಿಡಿದ ಹೋರಿ ಕೈಬಿಟ್ಟು ಹೋದದ್ದಿಲ್ಲ ಅನ್ನುತ್ತಿದ್ದರು, ಕಾರಹುಣ್ಣಿಮೆಯಲ್ಲಿ ಊರೆಲ್ಲ ನೋಡುವಾಗ ಹೋರಿ ಅವನನ್ನು ಹೊಲದುದ್ದಕ್ಕೂ ಎಳೆದುಕೊಂಡು ಹೋದರೂ ಬಿಡುತ್ತಿರಲಿಲ್ಲ, ಬಿಟ್ಟರೆ ಊರು ನಗುತ್ತದೆ, ಹೋರಿ ಕೊನೆಗೆ ದಣಿಯುತ್ತದೆ, ನಿಲ್ಲುತ್ತದೆ. ಹಿಟ್ಟಿನ ಕೈಯಲ್ಲೇ ಸೆರಗಿನ ತುದಿ ಸುತ್ತಿ ತೋರಿಸಿದೆ, ಹಿಂಗ್ರಿ, ಎರಡು ಸುತ್ತು, ಹೆಬ್ಬೆಟ್ಟು ಒಳಗ. ಇವರು ತಮ್ಮ ಕೈಗೆ ಟವೆಲ್ ಸುತ್ತಿ ಎರಡು ಸಲ ಎಳೆದು ನೋಡಿದರು, ಸಂತೋಷದಿಂದ ಚಪ್ಪಲಿ ಮೆಟ್ಟಿ ಕೆಫೆಗೆ ಹೋದರು. ಗಾಳಿ ದಣಿಯುತ್ತದೆಯೇ. ಭೂಗೋಳದವರಿಗೆ ಅದು ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ, ನಾನು ದೋಣಿ ನೋಡಿದವಳಲ್ಲ, ಆದರೆ ಗೋವೆಯವನು ಹೇಳಿದ್ದನಲ್ಲ, ಮರ್ಯಾದೆಯಿಂದ ಒಂದೇ ಸಾಲಿನಲ್ಲಿ ಅಪಾಯ ಅಂತ ಬರೆದಿದ್ದನಲ್ಲ, ಅವನ ಬಾಯಿ ಮುಚ್ಚಿಸಿ ಕ್ಷಮೆ ಕೇಳಿಸಿದರು, ಬಾಯಾರು ಹೆಸರು ಹೇಳದೆ ನುಂಗಿಕೊಂಡರು, ನಾನು ಶೆಡ್ಡು ಕಟ್ಟಿದೆ, ಎಲ್ಲರೂ ಎಷ್ಟು ಒಳ್ಳೆಯ ನಡತೆಯವರು. ನನಗೆ ಇವರ ಮೇಲೆ ಸಿಟ್ಟು ಬಂತು, ಮೊದಲ ಸಲ, ನಗೆ ಬೆರೆಯದ ಸಿಟ್ಟು.

ಬಾಯಾರು ಚೀಲದಿಂದ ಹಗ್ಗ ತೆಗೆದಿದ್ದಾರೆ, ಬಿಳಿ, ಹೊಸದು, ನಡುವೆ ನೀಲಿ ಎಳೆ, ಮಂದಿ ಮನೀಗೆ ಬರಿಗೈಲೆ ಹೆಂಗ ಬರೋದು, ಜಯಮಾಲಾಗ ಅಂತ ತಂದೀನಿ, ಅನ್ನುತ್ತಾರೆ, ಯಾವ ಜಯಮಾಲಾಗೆ ಅಂತ ಒಂದು ಗಳಿಗೆ ನನಗೇ ತಿಳಿಯಲಿಲ್ಲ, ಎದ್ದು ಒಂದು ತುದಿಯನ್ನು ಪಡಸಾಲೆಯ ಕಂಬಕ್ಕೆ ಕಟ್ಟುತ್ತಾರೆ, ಎಡಗೈಯಿಂದ ಎಳೆದು ನೋಡುತ್ತಾರೆ, ಇನ್ನೊಂದು ತುದಿಯನ್ನು ನನ್ನ ಕಡೆ ಚಾಚುತ್ತಾರೆ, ಅವರಿಲ್ಲದಿದ್ರ ಇರ್ಲಿ, ನೀವು ಜೋಡೀಲೆ ಹೋಗಿರ್ತೀರಲ್ಲ, ನೋಡಿರ್ತೀರಿ, ಹೆಂಗ ಸುತ್ತತಾರ ತೋರಸ್ರಿ. ನನ್ನ ಕೈ ತಾನಾಗಿ ಹೋಯಿತು, ಎರಡು ಸುತ್ತು, ಹೆಬ್ಬೆರಳು ಒಳಗೆ, ಮುಷ್ಟಿ, ಅಪ್ಪನೇ ಬಂದು ಸುತ್ತಿದರೂ ಇದಕ್ಕಿಂತ ಬೇರೆಯಾಗುತ್ತಿರಲಿಲ್ಲ, ಅವರು ಹಗ್ಗವನ್ನು ಒಮ್ಮೆ ಜಗ್ಗಿದರು, ಬಿಗಿಯಿತು, ಬಾಗಿ ನನ್ನ ಮುಷ್ಟಿಯನ್ನು ನೋಡಿದರು, ಅತ್ತ ತಿರುಗಿಸಿ, ಇತ್ತ ತಿರುಗಿಸಿ, ಪಕ್ಕದಲ್ಲಿ ತಮ್ಮ ಕೈ ಇಟ್ಟರು, ಎರಡು ಬೆರಳು ನೆಟ್ಟಗೆ. ನಾನೂ ಹಿಂಗಽ ಸುತ್ತಿದ್ದೆನಲ್ಲ, ಅಂದರು. ಈಗಲೂ ದಾರಿ ಇದೆ, ನಿಮ್ಮ ಹಗ್ಗ ಸಣ್ಣದಿರಬೇಕ್ರಿ ಅನ್ನಬಹುದು, ನಿಮ್ಮ ಕಡಿ ಗಾಳಿ ಬ್ಯಾರೆ ಅನ್ನಬಹುದು, ಅವರು ನಂಬುತ್ತಾರೆ, ನಂಬಿ, ಚಹಾ ಕುಡಿದು, ಸಂಜೆಯ ಬಸ್ಸು ಹತ್ತುತ್ತಾರೆ, ಇವರ ಮಾನ ಉಳಿಯುತ್ತದೆ, ಮಳೆ ಮುಗಿದ ಕೂಡಲೇ ದಪ್ಪನೆಯ ಹಗ್ಗ ಕೊಂಡು ಕೈಗೆ ಸುತ್ತಿಕೊಂಡು ಹೋಗುತ್ತಾರೆ. ಬಾಯಾರ, ಇದು ಹೋರಿ ಹಿಡಿಯೂ ಪದ್ಧತಿರಿ, ನಮ್ಮಪ್ಪಂದು, ನಾನಽ ಅವರಿಗೆ ಹೇಳಿದ್ದು, ನಮ್ಮಲ್ಲಿ ದೋಣಿ ಇಲ್ರಿ, ಅವರು ಎಂದೂ ದೋಣಿ ಹತ್ತಿಲ್ಲ, ತಾಳಿಕೋಟ್ಯಾಗ ಕುಂತಾರ, ನೀವು ಹೋಗೂದನ್ನ ಕಾಯ್ಕೋತ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ನಿಲ್ಲಿಸಿದೆ. ಅವರು ಸಿಟ್ಟಾಗಲಿಲ್ಲ, ನಗಲಿಲ್ಲ, ಕಂಬದ ಕಡೆ ನೋಡಿದರು, ಹಂಗಾದ್ರ ನನ್ನ ಕೈದು ಏನೂ ತಪ್ಪಿರಲಿಲ್ಲ, ಅಂದರು. ಇಲ್ರಿ, ಅಂದೆ. ಒಳಗೆ ಫೋನು ಹೊಡೆಯುತ್ತಿದೆ, ತಾಳಿಕೋಟೆಯದೇ, ಹೋದ್ರೇನು ಅಂತ ಕೇಳಲು, ಹೊಡೆಯಲಿ, ನನ್ನ ಕೈ ಹಗ್ಗದಲ್ಲಿದೆ, ಬಿಗಿದಿದೆ, ಬಾಯಾರು ನನ್ನ ಮುಷ್ಟಿಯನ್ನು ಹತ್ತಿರ ತಂದುಕೊಂಡು ಬಿಚ್ಚುತ್ತಿದ್ದಾರೆ, ಒಂದು ಸುತ್ತು, ಇನ್ನೊಂದು, ಮೂರು ಬೆರಳಿನಿಂದ, ಉಳಿದ ಎರಡು ನನ್ನ ಮಣಿಕಟ್ಟಿಗೆ ತಾಗುತ್ತಿವೆ, ತಣ್ಣಗಿವೆ, ಬಾಗುವುದಿಲ್ಲ, ಫೋನು ನಿಂತಿತು, ಆ ಎರಡು ಬೆರಳು, ನೆಟ್ಟಗೆ, ಆ ಎರಡು ಬೆರಳು —